ಅಜ್ಜನ ಮಳೆ ಪುಸ್ತಕ, ನನ್ನ ಬೈನರಿ ಫೈಲು

ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಲೆಕ್ಕ ಬರೆದಿಡೋದು ಹೊಸದೇನಲ್ಲ. ನಮ್ಮಜ್ಜನೂ ದಿನಾ ಬೆಳಿಗ್ಗೆ ಅಳತೆ ನೋಡಿ, ಇಂಚು ಸೆಂಟಲ್ಲಿ ನೋಟ್‌ಬುಕ್ಕಿಗೆ ಬರೀತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ದಿನಗಳ ಪುಟಗಳೂ ಅದರಲ್ಲಿವೆ.

ಕಳೆದ ರಜೆಯಲ್ಲಿ ಅದನ್ನೆಲ್ಲ ರೂಬಿಯಲ್ಲಿ ಹಾಕಿದೆ. ಇಂಗ್ಲಿಷ್ ಅಕ್ಷರದಲ್ಲಿ 'ಮಳೆ' ಅಂತಲೇ ಕ್ಲಾಸಿಗೆ ಹೆಸರಿಟ್ಟೆ. 'ಮಾರ್ಷಲ್.ಡಂಪ್' ಅಂದ್ರೆ ಸಾಕು, ಆಬ್ಜೆಕ್ಟ್‌ಗಳೆಲ್ಲ ಬೈಟ್‌ಗಳಾಗಿ ಫೈಲಿಗೆ ಹೋಗ್ತವೆ. ಮೊದಲ ಎರಡು ಬೈಟು 4 ಮತ್ತು 8, ಅದು ಫಾರ್ಮ್ಯಾಟಿನ ಆವೃತ್ತಿ.

ಆಮೇಲೆ ಸ್ಟೈಲಿಗೆ ಅಂತ ಕ್ಲಾಸಿನ ಹೆಸರನ್ನ 'ರೇನ್‌ಫಾಲ್' ಮಾಡಿದೆ. 'ಮಾರ್ಷಲ್.ಲೋಡ್' ಕೊಟ್ಟರೆ ಎರರ್: ಅನ್‌ಡಿಫೈನ್ಡ್ ಕ್ಲಾಸ್. ಎದೆ ಧಸಕ್ಕೆಂದಿತು. ಫೈಲಲ್ಲಿ ಇರೋದು ಕ್ಲಾಸಿನ ಹೆಸರು ಮತ್ತು ಒಳಗಿನ ಡೇಟಾ ಮಾತ್ರ, ಕ್ಲಾಸಿನ ಕೋಡ್ ಅಲ್ಲ. ಓದೋ ಪ್ರೋಗ್ರಾಂಗೆ ಆ ಕ್ಲಾಸ್ ಮೊದಲೇ ಗೊತ್ತಿರಬೇಕು. ಹಳೇ ಹೆಸರನ್ನೂ ಕೋಡಿಗೆ ಸೇರಿಸಿದ ಮೇಲೆ ಫೈಲು ತೆರೀತು. ಈಗ ಒಂದು ಪ್ರತಿ ಸಿಎಸ್‌ವಿಯಲ್ಲೂ ಇದೆ, ಅದನ್ನ ಯಾವ ಭಾಷೆಯಲ್ಲಾದ್ರೂ ಓದಬಹುದು.

ಫೋನಲ್ಲಿ ಅಜ್ಜ ಕೇಳಿದ್ರು, "ಎಲ್ಲಾ ಕಂಪ್ಯೂಟರಿಗೆ ಹಾಕಿದ್ಯಾ?"

"ಹೂಂ ಅಜ್ಜ" ಅಂದೆ. ಅದು ಸುಳ್ಳು. ನಾನು ಹಾಕಿದ್ದು ಬರೀ ಅಂಕಿಗಳನ್ನ. ಪ್ರತಿ ಅಂಕಿಯ ಪಕ್ಕ ಅಜ್ಜ ಕನ್ನಡದಲ್ಲಿ ಒಂದೆರಡು ಸಾಲು ಬರೆದಿದ್ದಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಆ ಕೈಬರಹ ಅರ್ಥವಾಗದೆ ಬಿಟ್ಟುಬಿಟ್ಟಿದ್ದೆ. ಪುಸ್ತಕ ಸರಿಯಾಗೇ ಇದೆ. ಕ್ಲಾಸ್ ಗೊತ್ತಿಲ್ಲದ ಪ್ರೋಗ್ರಾಂ ನಾನೇ.

ಈ ರಜೆಯಲ್ಲಿ ಅಜ್ಜನ ಪಕ್ಕ ಕೂತು ಒಂದೊಂದೇ ಪುಟ ಓದಿಸಿಕೊಳ್ಳಬೇಕು. ಅಜ್ಜ ಇರುವಾಗಲೇ.