ಶರ್ಲಿ ಕಾರ್ಡ್ ಮತ್ತು ನಮ್ಮ ಮಿನಿ ಪ್ರಾಜೆಕ್ಟ್

ಆರನೇ ಸೆಮ್‌ನಲ್ಲಿ ಸಿನಿಮಾ, ತಂತ್ರಜ್ಞಾನ, ಅಸ್ಮಿತೆ ಅಂತ ಇದ್ದ ಎಲೆಕ್ಟಿವ್ ತಗೊಳ್ಳೋಕೆ ನಮಗಿದ್ದ ಕಾರಣ ಒಂದೇ: ಲ್ಯಾಬ್ ಇಲ್ಲ, ರೆಕಾರ್ಡ್ ಬರೆಯೋ ಹಾಗಿಲ್ಲ. ಕಲ್ಚರಲ್ ಸ್ಟಡೀಸ್ ಅಂದ್ರೆ ಡೊಳ್ಳು ಕುಣಿತ, ಯಕ್ಷಗಾನದ ಬಗ್ಗೆ ಇರಬಹುದು ಅಂತ ನಾವು ನಾಲ್ವರೂ ಅಂದ್ಕೊಂಡಿದ್ವಿ. ಮೊದಲ ಕ್ಲಾಸಿನಲ್ಲಿ ಮೇಡಂ 1964ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ರಿಚರ್ಡ್ ಹಾಗರ್ಟ್ ಶುರುಮಾಡಿದ ಕೇಂದ್ರದ ಕಥೆ ಹೇಳ್ತಿದ್ರು. ನಾವು ಹಿಂದಿನ ಬೆಂಚಿನಲ್ಲಿ ಓಪನ್‌ಸಿವಿ ಇನ್‌ಸ್ಟಾಲ್ ಮಾಡ್ತಿದ್ವಿ.

ಮಿನಿ ಪ್ರಾಜೆಕ್ಟ್‌ಗೆ ಮುಖ ನೋಡಿ ಹಾಜರಿ ಹಾಕೋ ಸಿಸ್ಟಮ್ ಆರಿಸಿಕೊಂಡಿದ್ವಿ. (ಪ್ರತಿ ವರ್ಷ ಯಾವುದಾದರೂ ಒಂದು ಟೀಮ್ ಮಾಡೋದೇ ಇದು, ಗೊತ್ತು.) ನಾಲ್ವರಲ್ಲಿ ಮೂವರ ಮುಖ ತಕ್ಷಣ ಸಿಗ್ತಿತ್ತು. ನಾಲ್ಕನೆಯವಳು ನಮ್ಮ ಗೆಳತಿ, ಮೈಬಣ್ಣ ಕಪ್ಪು. ಅವಳು ನಿಂತರೆ ಹಸಿರು ಚೌಕ ಬರ್ತಾನೇ ಇರಲಿಲ್ಲ. "ಸ್ವಲ್ಪ ಲೈಟ್ ಹತ್ರ ಬಾರೇ" ಅಂತ ನಕ್ಕಿದ್ವಿ. ಅವಳೂ ನಕ್ಕು ಮೊಬೈಲ್ ಟಾರ್ಚನ್ನ ಮುಖಕ್ಕೆ ಹಿಡ್ಕೊಂಡಳು. ಡೆಮೋ ದಿನ ಅವಳನ್ನ ಪಿಪಿಟಿ ಓದೋಕೆ ಹಾಕಿ, ಕ್ಯಾಮೆರಾ ಮುಂದೆ ಉಳಿದ ಮೂವರು ನಿಂತ್ವಿ. ಮಾರ್ಕ್ಸ್ ಚೆನ್ನಾಗೇ ಬಂತು.

ಅದಾಗಿ ಎರಡು ವಾರಕ್ಕೆ ಎಲೆಕ್ಟಿವ್ ಕ್ಲಾಸಿನಲ್ಲಿ ಮೇಡಂ ಪರದೆ ಮೇಲೆ ಒಂದು ಫೋಟೋ ಹಾಕಿದ್ರು. ಬಿಳಿ ಹೆಂಗಸು, ಪಕ್ಕದಲ್ಲಿ ಬಣ್ಣದ ಪಟ್ಟಿಗಳು. ಅದರ ಹೆಸರು ಶರ್ಲಿ ಕಾರ್ಡ್. ಕೊಡಾಕ್ ಕಂಪನಿ ಇದನ್ನ ಲ್ಯಾಬ್‌ಗಳಿಗೆ ಕಳಿಸ್ತಿತ್ತು. ಶರ್ಲಿಯ ಚರ್ಮ ಸರಿಯಾಗಿ ಕಂಡರೆ ಪ್ರಿಂಟಿನ ಬಣ್ಣ ಸರಿ ಅಂತ ಲೆಕ್ಕ. ಕಪ್ಪು ಮುಖಗಳ ವಿವರ ಮಾತ್ರ ಆ ಫಿಲ್ಮಿನಲ್ಲಿ ಸರಿಯಾಗಿ ಮೂಡ್ತಿರಲಿಲ್ಲ. ಕೊಡಾಕ್ ತನ್ನ ಫಿಲ್ಮನ್ನ ತಿದ್ದೋಕೆ ಹೊರಟಿದ್ದಕ್ಕೆ ಒಂದು ಕಾರಣ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾರೋರ ದೂರು! ಅವರ ಸರಕಿನ ಕಂದು ಬಣ್ಣಗಳ ವ್ಯತ್ಯಾಸ ಫೋಟೋದಲ್ಲಿ ಕಾಣ್ತಿರಲಿಲ್ಲವಂತೆ. ಕ್ಲಾಸೆಲ್ಲ ನಕ್ಕಿತು. ನಮ್ಮ ಬೆಂಚು ಮಾತ್ರ ಸುಮ್ಮನಿತ್ತು.

ಆಮೇಲೆ ಶಾಲಿನಿ ಕಾಂತಯ್ಯ ಅವರ 2020ರ ಸಾಕ್ಷ್ಯಚಿತ್ರ 'ಕೋಡೆಡ್ ಬಯಾಸ್' ತೋರಿಸಿದ್ರು. ಅದರಲ್ಲಿ ಎಂಐಟಿಯ ಜಾಯ್ ಬುವೊಲಾಮ್ವಿನಿ ಬಿಳಿ ಮುಖವಾಡ ಹಾಕ್ಕೊಂಡಾಗ ಮಾತ್ರ ಸಾಫ್ಟ್‌ವೇರ್‌ಗೆ ಕಾಣಿಸ್ತಾರೆ. ಅವರೂ ಟಿಮ್ನಿಟ್ ಗೆಬ್ರೂ ಸೇರಿ 2018ರಲ್ಲಿ, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಸಿಸ್ಟಮ್‌ಗಳನ್ನ ಪರೀಕ್ಷಿಸಿದ್ರು. ಬಿಳಿ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ 0.8, ಕಪ್ಪು ಹೆಂಗಸರಲ್ಲಿ ಶೇ 34.7ರವರೆಗೆ.

ಕ್ಲಾಸ್ ಬಿಟ್ಟ ಮೇಲೆ ಕ್ಯಾಂಟೀನಿನಲ್ಲಿ ಅವಳು ಕೇಳಿದಳು, "ನಮ್ಮ ಪ್ರಾಜೆಕ್ಟಲ್ಲಿ ಶರ್ಲಿ ಯಾರು?"

ಉತ್ತರ ನಮಗೆ ಗೊತ್ತಿತ್ತು. ಹಾರ್ ಕ್ಯಾಸ್ಕೇಡ್ ಅನ್ನೋದು, ಕಣ್ಣಿನ ಭಾಗ ಕೆನ್ನೆಗಿಂತ ಕಪ್ಪಗಿರುತ್ತೆ ಅನ್ನೋ ಥರದ ಬೆಳಕು-ನೆರಳಿನ ವ್ಯತ್ಯಾಸ ನೋಡಿ ಮುಖ ಹುಡುಕುತ್ತೆ. ಲ್ಯಾಬಿನ ಕಿಟಕಿಗೆ ಬೆನ್ನು ಹಾಕಿ ನಿಂತರೆ ಕ್ಯಾಮೆರಾ ಎಕ್ಸ್‌ಪೋಷರ್ ಇಳಿಸುತ್ತೆ, ಕಪ್ಪು ಮುಖದಲ್ಲಿ ಆ ವ್ಯತ್ಯಾಸ ಅಳಿಸಿಯೇ ಹೋಗುತ್ತೆ. ಇಷ್ಟು ಥಿಯರಿ ಓದಿದ್ವಿ. ಆದರೂ ಎಲ್ಲ ಸೆಟ್ಟಿಂಗನ್ನೂ ಮೂವರ ಮುಖಕ್ಕೆ ಹೊಂದಿಸಿ, "ವರ್ಕ್ ಆಗ್ತಿದೆ" ಅಂದಿದ್ವಿ. ನಮ್ಮ ಆ 'ನಾವು'ಲಿ ಅವಳು ಇರಲಿಲ್ಲ.

ಅವಳೇ ಆಮೇಲೆ ಐಡಿ ಕಾರ್ಡ್ ತೆಗೆದು ಟೇಬಲ್ ಮೇಲಿಟ್ಟಳು. ಎರಡು ವರ್ಷ ನೋಡಿದ್ರೂ ನಾವು ಗಮನಿಸಿರಲಿಲ್ಲ: ಫೋಟೋದಲ್ಲಿರೋಳು ಗೋಧಿ ಬಣ್ಣದವಳು. ಎಸ್ಸೆಸ್ಸೆಲ್ಸಿ ಮುಗಿದಾಗ ಊರಿನ ಸ್ಟುಡಿಯೋದವರು, ಯಾರೂ ಕೇಳದೇ ಇದ್ರೂ, ಫೋಟೋಶಾಪಲ್ಲಿ ಬೆಳ್ಳಗೆ ಮಾಡಿ ಕೊಟ್ಟರಂತೆ. ದುಡ್ಡೂ ಜಾಸ್ತಿ ತಗೊಂಡಿಲ್ಲ. ಅಮ್ಮನಿಗೆ ಖುಷಿಯಾಗಿತ್ತು. "ನನಗೂ ಆಗಿತ್ತು ಕಣ್ರೋ," ಅಂದಳು.

ನಾವು ಸಾರಿ ಕೇಳಿದ್ವಿ. ಟೀ ಆರಿಹೋಗಿತ್ತು, ಇನ್ನೊಂದು ರೌಂಡ್ ಹೇಳಿದ್ವಿ.

ರಜೆಯಲ್ಲಿ ಕೋಡ್ ಮತ್ತೆ ತೆಗೆದ್ವಿ. ಹಾರ್ ಬಿಟ್ಟು ಬೇರೆ ಡಿಟೆಕ್ಟರ್ ಹಾಕಿದ್ವಿ, ಕ್ಯಾಮೆರಾ ಜಾಗ ಬದಲಿಸಿದ್ವಿ, ಹಾಸ್ಟೆಲಿನವರನ್ನ ಒಪ್ಪಿಸಿ ಬೇರೆಬೇರೆ ಮೈಬಣ್ಣದವರ ಫೋಟೋ ಸೇರಿಸಿದ್ವಿ. ಈಗ ಹಗಲಲ್ಲಿ ಅವಳ ಮುಖ ಸಿಗುತ್ತೆ. ಸಂಜೆ ಟ್ಯೂಬ್‌ಲೈಟ್ ಬೆಳಕಲ್ಲಿ ಇನ್ನೂ ಆಗಾಗ ತಪ್ಪುತ್ತೆ. ರಿಪೋರ್ಟಿನ ಮಿತಿಗಳ ಪುಟದಲ್ಲಿ ಅದನ್ನ ಅವಳೇ ಬರೆದಿದ್ದಾಳೆ.

ಹೊಸ ಐಡಿ ಕಾರ್ಡಿಗೂ ಅರ್ಜಿ ಕೊಟ್ಟಿದ್ದಾಳೆ. ಕಾರಣ ಅನ್ನೋ ಜಾಗದಲ್ಲಿ "ಫೋಟೋ ನನ್ನ ಹಾಗಿಲ್ಲ" ಅಂತ ಬರೆದಿದ್ದಳು. ಆಫೀಸಿನವರು ಫೋಟೋನೂ ಅವಳನ್ನೂ ಒಂದೆರಡು ಸಲ ನೋಡಿ, "ಇದೇ ಚೆನ್ನಾಗಿದೆಯಲ್ಲಮ್ಮ" ಅಂದರಂತೆ.