ಮರಳ ದಾರಿಯಲ್ಲಿ ಮೂವರು ಸವಾರರು

ಬೆಂಗಳೂರಿನವರಾದ ನಮಗೆ ಮರಳೆಂದರೆ ಅರ್ಧ ಕಟ್ಟಿದ ಮನೆಯ ಮುಂದೆ ಲಾರಿಯವನು ಸುರಿದು ಹೋದ ರಾಶಿ. ಬೀದಿಯ ಮಕ್ಕಳಿಗೆ ಅದು ಆಟದ ಬೆಟ್ಟ, ಮನೆಯ ಯಜಮಾನನಿಗೆ ಖರ್ಚಿನ ಬೆಟ್ಟ. ಅದೇ ಮರಳು ದಿಗಂತದಿಂದ ದಿಗಂತಕ್ಕೆ ಹರಡಿಕೊಂಡಿದ್ದು, ಅದರ ಮೇಲೆ ಮೋಟಾರು ಸೈಕಲ್ಲು ನಡೆಸಬೇಕಾಗಿ ಬಂದರೆ ಏನಾಗುತ್ತದೆಂಬುದನ್ನು ಅರಿಯಬೇಕಾದರೆ ರಾಜಸ್ಥಾನದ ಪಶ್ಚಿಮದಂಚಿನ ಜೈಸಲ್ಮೇರಿಗೇ ಹೋಗಬೇಕು.

ನಾವು ಹೊರಟವರು ಮೂವರು: ಡಾಕ್ಟರು, ಮೇಷ್ಟ್ರು ಮತ್ತು ಈ ಲೇಖಕ. ನಮ್ಮಿಬ್ಬರವು ಬುಲೆಟ್ಟುಗಳು. ಮೇಷ್ಟ್ರದು ಅವರ ತಂದೆಯವರಿಂದ ಬಂದ, ನಮ್ಮ ಮೈಸೂರಿನಲ್ಲೇ ತಯಾರಾದ ಯೆಜ್ಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಮೇಷ್ಟ್ರ ಅಭಿಮಾನ ಮಾತ್ರ ಮುಚ್ಚಿರಲಿಲ್ಲ. ವಾಹನಗಳನ್ನು ಜೋಧಪುರದವರೆಗೆ ರೈಲಿಗೆ ಹಾಕಿದೆವು. ಅಲ್ಲಿಂದ ಜೈಸಲ್ಮೇರಿಗೆ ಸುಮಾರು 280 ಕಿಲೋಮೀಟರು ಒಳ್ಳೆಯ ಡಾಂಬರು ರಸ್ತೆ.

1156ರಲ್ಲಿ ರಾವಲ್ ಜೈಸಲನು ಸ್ಥಾಪಿಸಿದ ಈ ಊರಿನ ಕೋಟೆ ಹಳದಿ ಕಲ್ಲಿನದು; ಸಂಜೆಯ ಬಿಸಿಲಿಗೆ ಹೊನ್ನಿನಂತೆ ಹೊಳೆಯುತ್ತದೆ. ಕೋಟೆಯೊಳಗೆ ಇಂದಿಗೂ ಜನ ಸಂಸಾರ ಹೂಡಿಕೊಂಡಿದ್ದಾರೆ. ಊರಿನಿಂದ ಪಶ್ಚಿಮಕ್ಕೆ ಹೊರಟರೆ ಪಾಲೀವಾಲರು ಬಿಟ್ಟುಹೋದ ಕುಲ್‌ಧರಾ ಗ್ರಾಮದ ಪಾಳುಮನೆಗಳು ಸಿಗುತ್ತವೆ. ವರ್ಷಕ್ಕೆ 200 ಮಿಲಿಮೀಟರು ಮಳೆಯೂ ಬೀಳದ ಈ ನಾಡಿನಲ್ಲಿ ಆ ಜನ ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ, ನಿಂತ ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬೆಳೆದರು. ಅಂಥ ಹೊಲಕ್ಕೆ ಇಲ್ಲಿ ಖಡೀನ್ ಎಂದು ಹೆಸರು.

ಪಟ್ಟಣದಿಂದ ಸುಮಾರು 40 ಕಿಲೋಮೀಟರು ದೂರದ ಸಮ್ ಎಂಬಲ್ಲಿ ಮರಳ ದಿಬ್ಬಗಳು ಎದ್ದು ನಿಲ್ಲುತ್ತವೆ. ಪ್ರವಾಸಿಗಳು ಒಂಟೆ ಹತ್ತಿ, ಚಿತ್ರ ತೆಗೆಸಿಕೊಂಡು ಹಿಂದಿರುಗುವುದು ಇಲ್ಲಿಂದಲೇ. ನಾವಾದರೋ ದಕ್ಷಿಣದ ಖೂರೀ ಗ್ರಾಮದ ಕಡೆಗೆ ಢಾಣಿಗಳನ್ನು ಹಾದುಹೋಗುವ ಗಾಡಿದಾರಿಯನ್ನು ಹಿಡಿದೆವು. ಢಾಣಿಯೆಂದರೆ ನಾಲ್ಕಾರು ಮನೆಗಳ ಪುಟ್ಟ ಹಟ್ಟಿ.

ಮರಳಿನಲ್ಲಿ ಸವಾರಿಯ ಧರ್ಮವೇ ಬೇರೆ. ಊರಿನಲ್ಲಿ ಭಯವಾದಾಗ ವೇಗ ತಗ್ಗಿಸುತ್ತೇವೆ. ಇಲ್ಲಿ ವೇಗ ತಗ್ಗಿದರೆ ಮುಂದಿನ ಚಕ್ರ ನೇಗಿಲಾಗಿ ಮರಳನ್ನು ಉಳತೊಡಗುತ್ತದೆ. ಕೈಹಿಡಿಯನ್ನು ಬಿಗಿಯಾಗಿ ಹಿಡಿದಷ್ಟೂ ವಾಹನ ಹಟ ಹೂಡುತ್ತದೆ. ಕಾಲಾಸರೆಯ ಮೇಲೆ ಎದ್ದು ನಿಂತು, ಮೈಭಾರವನ್ನು ಹಿಂದಕ್ಕೆ ಕೊಟ್ಟು, ದೃಷ್ಟಿಯನ್ನು ಚಕ್ರದ ಬುಡದಲ್ಲಿಡದೆ ದೂರದಲ್ಲಿಟ್ಟು ಒಂದೇ ಸಮನೆ ಸಾಗಬೇಕು. ದಿಬ್ಬಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಗಾಳಿ ಬೀಸುವ ಮಗ್ಗುಲು ಸಾವಕಾಶವಾಗಿ ಏರಿದರೆ, ನೆತ್ತಿಯಾಚೆಗಿನ ಮಗ್ಗುಲು ಥಟ್ಟನೆ ಕಡಿದಾಗಿ ಇಳಿಯುತ್ತದೆ. ಏರಿದ ಉತ್ಸಾಹದಲ್ಲೇ ನೆತ್ತಿಯನ್ನು ದಾಟಿದವನು ನೆಲವನ್ನು ಮುಟ್ಟುವುದು ತಲೆಯಿಂದ.

ಟೈರುಗಳಿಂದ ಮೂರನೆಯ ಒಂದು ಪಾಲು ಗಾಳಿಯನ್ನು ಮೊದಲೇ ಬಿಟ್ಟಿದ್ದೆವು. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಹರಡಿ, ಹೂತುಹೋಗದೆ ಮೇಲೆಯೇ ನಡೆಯುತ್ತದೆ. ಒಂಟೆಯ ಮೆತ್ತನೆಯ ಪಾದ ಮಾಡುವುದೂ ಇದನ್ನೇ. ಆ ಕಡೆಯ ಒಂಟೆಗಾಡಿಗಳಿಗೆ ವಿಮಾನದ ಹಳೆಯ ಟೈರುಗಳನ್ನು ತೊಡಿಸುವುದನ್ನು ಕಂಡು, ಈ ಸೂತ್ರ ನಮಗಿಂತ ಮೊದಲೇ ಅವರಿಗೆ ತಿಳಿದಿತ್ತೆಂದುಕೊಂಡೆವು.

ಮಧ್ಯಾಹ್ನದ ಹೊತ್ತಿಗೆ ಮರಳು ಕಾದು ಸಡಿಲವಾಯಿತು. 190 ಕಿಲೋ ತೂಗುವ ಬುಲೆಟ್ಟು ಬಿದ್ದಾಗಲೆಲ್ಲ ಎತ್ತಲು ಇಬ್ಬರು ಬೇಕು. ಹಗುರವಾದ ಯೆಜ್ಡಿ ಮಾತ್ರ ಜಿಂಕೆಯಂತೆ ಮುಂದೆ ಮುಂದೆ ಹೋಗುತ್ತಿತ್ತು. ಆದರೆ ಒಂದು ತಗ್ಗಿನಲ್ಲಿ ಅದೂ ಉರುಳಿತು. ಮೇಷ್ಟ್ರ ಕಾಲು ಅದರಡಿ ಸಿಕ್ಕಿತು. ಬಿಡಿಸಿ ನೋಡಿದರೆ ಹರಡು ಊದಿಕೊಂಡಿತ್ತು. ಖೂರಿಗೆ ಇನ್ನೂ 8 ಕಿಲೋಮೀಟರು. ಉಳಿದಿದ್ದ ನೀರು ಎರಡು ಸೀಸೆ.

"ಸೂರ್ಯಾಸ್ತಕ್ಕೆ ಖೂರಿಯಲ್ಲಿರಬೇಕೆಂದು ಬಂದವರಲ್ಲವೇ? ನೀವಿಬ್ಬರೂ ಮುಂದೆ ಹೋಗಿ. ನಾನು ಹೇಗೋ ನಿಧಾನವಾಗಿ ಬರುತ್ತೇನೆ," ಎಂದರು ಮೇಷ್ಟ್ರು.

"ನೀವು ಹೇಗೋ ಬರುವಷ್ಟರಲ್ಲಿ ನಾವು ಸೂರ್ಯನನ್ನು ನೋಡುತ್ತ ಕೂರಬೇಕೇನ್ರೀ? ಮೊದಲು ಕಾಲು ಚಾಚಿ," ಎಂದರು ಡಾಕ್ಟರು.

ಮರಳುಗಾಡಿನಲ್ಲಿ ಆಡಬಾರದ ಮಾತೊಂದಿದ್ದರೆ ಅದು 'ನೀವು ಮುಂದೆ ಹೋಗಿ' ಎಂಬುದು. ಗಾಳಿ ಬೀಸಿದರೆ ಚಕ್ರದ ಗುರುತು ಉಳಿಯದು. ಒಂದು ದಿಬ್ಬ ಅಡ್ಡ ಬಂದರೆ ಕೂಗು ಕೇಳಿಸದು. ಒಬ್ಬನೇ ಉಳಿದವನ ವಾಹನ ಬಿದ್ದರೆ ಎತ್ತುವವರಿಲ್ಲ.

ಸಮೀಪದ ಢಾಣಿಗೆ ವಾಹನಗಳನ್ನು ನೂಕಿಕೊಂಡು ಹೋದೆವು. ಅಲ್ಲೊಂದು ಖೇಜಡಿ ಮರ. ವಿಜಯದಶಮಿಯಂದು ನಾವು ಎಲೆ ಹಂಚಿಕೊಳ್ಳುವ ಬನ್ನಿಯೇ ಇದು. ಅದರ ನೆರಳಿನಲ್ಲಿ ಮೇಷ್ಟ್ರನ್ನು ಕೂರಿಸಿ ಡಾಕ್ಟರು ಪಟ್ಟಿ ಕಟ್ಟಿದರು. ಕೆಂಪು ಪೇಟದ ಯಜಮಾನರೊಬ್ಬರು ನೀರು ಕೊಟ್ಟು, "ಈಗ ಹೊರಡಬೇಡಿ. ರಾತ್ರಿಯ ಚಳಿಗೆ ಮರಳು ಗಟ್ಟಿಯಾಗುತ್ತದೆ, ಬೆಳಗ್ಗೆ ಹೋಗುವಿರಂತೆ," ಎಂದರು. ಸಜ್ಜೆಯ ರೊಟ್ಟಿ, ಮಜ್ಜಿಗೆ, ತಲೆಯ ಮೇಲೆ ಎಣಿಸಲಾರದಷ್ಟು ನಕ್ಷತ್ರಗಳು. ಸೂರ್ಯಾಸ್ತ ತಪ್ಪಿದ ಚಿಂತೆ ಯಾರಿಗೂ ಉಳಿಯಲಿಲ್ಲ.

ಮುಂಜಾನೆ ಅವರ ಮಾತು ನಿಜವಾಯಿತು. ಯೆಜ್ಡಿಯೂ ಮೇಷ್ಟ್ರೂ ಒಂಟೆಗಾಡಿಯಲ್ಲಿ. ಬುಲೆಟ್ಟುಗಳು ಒಂದು ಫರ್ಲಾಂಗು ಮುಂದೆ ಹೋಗುವುದು, ಗಾಡಿ ಬರುವವರೆಗೆ ನಿಲ್ಲುವುದು. ಹಿಂದಿನ ದಿನ ನುಂಗಲು ಬಂದಿದ್ದ ಮರಳು ಈಗ ಬೆನ್ನು ಕೊಟ್ಟು ನಡೆಸಿತು. ಖೂರಿಯಲ್ಲಿ ಯಜಮಾನರು ಗಾಡಿಯ ಬಾಡಿಗೆಯನ್ನು ಎಣಿಸಿ ತೆಗೆದುಕೊಂಡರು. ರೊಟ್ಟಿಗೂ ನೀರಿಗೂ ಕೊಡಹೋದಾಗ ಕೈಯನ್ನು ಹಿಂದಕ್ಕೆಳೆದುಕೊಂಡರು. ಒಂಟೆಯ ದುಡಿಮೆಗೆ ಬೆಲೆಯುಂಟು, ನೀರಿಗಿಲ್ಲ ಎಂಬುದು ಅವರ ಲೆಕ್ಕ.

ಹೋಗಬಯಸುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಲಿ. ಗಡಿಯ ಕಡೆಗೆ ಅನುಮತಿಯಿಲ್ಲದೆ ಸಾಗಕೂಡದು. ಇಲ್ಲಿನ ಬಹು ಭಾಗ 1980ರಲ್ಲಿ ಸ್ಥಾಪಿತವಾದ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ನಮ್ಮ ಸಿರುಗುಪ್ಪದ ಕಡೆ ಎರೆಭೂತವೆನಿಸಿಕೊಳ್ಳುವ ಹಕ್ಕಿ ಇಲ್ಲಿ ಬರಿ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಆದ್ದರಿಂದ ಗಾಡಿದಾರಿಯನ್ನು ಬಿಟ್ಟು ಚಕ್ರ ಹೊರಳಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಜೊತೆಗಾರರನ್ನು ಆರಿಸಿಕೊಳ್ಳುವಾಗ ಚೆನ್ನಾಗಿ ಓಡಿಸಬಲ್ಲವರನ್ನಲ್ಲ, ನಿಂತು ಕಾಯಬಲ್ಲವರನ್ನು ಆರಿಸಿಕೊಳ್ಳಿ.