ನಾಯಿಮರಿಯೊಡನೆ ಕುಂಭೋಜದ ದಾರಿ

ದೀಪಾವಳಿಯ ಅಂಗಡಿ ಪೂಜೆ ಮುಗಿದರೆ ನಮ್ಮ ಸೊಲ್ಲಾಪುರದ ಕಡೆಯ ಕುಟುಂಬಗಳು ಕುಂಭೋಜಕ್ಕೆ ಹೊರಡುವುದುಂಟು. 1963ರಲ್ಲಿ ಪ್ರತಿಷ್ಠೆಯಾದ 28 ಅಡಿಯ ಅಮೃತಶಿಲೆಯ ಬಾಹುಬಲಿ ಅಲ್ಲಿದ್ದಾನೆ. ಮಂಗಳವೇಢೆ, ಸಾಂಗೋಲೆ, ಮಿರಜ ದಾಟಿ 200 ಕಿಲೋಮೀಟರಿಗೂ ಮಿಕ್ಕಿದ ದಾರಿ. ಈ ಸಲ 4 ತಿಂಗಳ ನಾಯಿಮರಿಯೂ ನಮ್ಮ ಜೊತೆಗಿತ್ತು.

ಮನೆಯಲ್ಲಿ ತಪ್ಪದೆ ಅಂಗಳಕ್ಕೆ ಹೋಗುವ ಮರಿ, ಮಂಗಳವೇಢೆಯ ಜೋಳದ ಹೊಲಗಳ ನಡುವೆ ಸೀಟು ಒದ್ದೆ ಮಾಡಿತು. “ಎರಡು ಬಿಗಿಯಿರಿ, ಬುದ್ಧಿ ಬರುತ್ತದೆ” ಎಂದರು ಹಿರಿಯರೊಬ್ಬರು. ಬುದ್ಧಿ ಬರುವುದಿಲ್ಲ, ಭಯ ಬರುತ್ತದೆ. ಮರಿ ಕಲಿತದ್ದು ಮನೆಯ ಬಾಗಿಲನ್ನು. ಕಾರಿನಲ್ಲಿ ಆ ಬಾಗಿಲಿಲ್ಲ. ಕುಲುಕಾಟ, ಹೆದರಿಕೆ, ಚಿಕ್ಕ ಮೂತ್ರಕೋಶ, ಇವೇ ಕಾರಣ. ಹೊಡೆದರೆ ನಾಳೆ ಅದು ಕಾರನ್ನು ಕಂಡೇ ನಡುಗುತ್ತದೆ. ಹಿಂದಿನ ಸೀಟಿನ ಮಕ್ಕಳೂ ನೋಡುತ್ತಿರುತ್ತಾರೆ, ಮರೆಯಬಾರದು.

ಹೊರಡುವ 3-4 ಗಂಟೆ ಮೊದಲೇ ಊಟ ಹಾಕಿ. ನೀರು ಮಾತ್ರ ತಪ್ಪಿಸಬೇಡಿ. ಗಂಟೆ, ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ, ಹಗ್ಗ ಕಟ್ಟಿಯೇ ಇಳಿಸಿ. ಲಸಿಕೆ ಪೂರ್ಣವಾಗದಿದ್ದರೆ ಬೀದಿನಾಯಿಗಳು ಸುಳಿಯುವ ಢಾಬಾದ ಅಂಗಳ ಬೇಡ. ಸೀಟು ಒದ್ದೆಯಾದರೆ ಉಜ್ಜದೆ, ಹಳೆಯ ಬಟ್ಟೆ ಒತ್ತಿ ಹೀರಿಸಿ; ಬಳಿಕ ನೀರು ಬೆರೆಸಿದ ವಿನೆಗರ್ ಅಥವಾ ಎಂಜೈಮ್ ಇರುವ ಶುಚಿಕಾರಕದಿಂದ ಒರೆಸಿ. ಅಮೋನಿಯ ಇರುವುದು ಬೇಡ. ಆ ವಾಸನೆಗೆ ಮರಿ ಮತ್ತೆ ಅಲ್ಲೇ ಕೂರುತ್ತದೆ.

ಕ್ಷೇತ್ರದಲ್ಲಿ ಮರಿಯನ್ನು ಬಿಸಿಲಿನ ಕಾರಿನಲ್ಲಿ ಕೂಡಿಹಾಕದೆ, ಒಬ್ಬೊಬ್ಬರಾಗಿ ನೆರಳಲ್ಲಿ ಅದರ ಬಳಿ ಕುಳಿತು, ಸರದಿಯಂತೆ ದರ್ಶನ ಪಡೆದೆವು.

ದೂರದ ಪಯಣಕ್ಕೆ ಮೊದಲು ದಿನಕ್ಕೆ 10 ನಿಮಿಷ ಊರೊಳಗೇ ಸುತ್ತಾಡಿಸಿ. ಪದೇ ಪದೇ ಹನಿಹನಿಯಾಗಿ ಹೋದರೆ, ರಕ್ತ ಕಂಡರೆ, ಅದು ಪ್ರಯಾಣದ ದೋಷವಲ್ಲ, ಪಶುವೈದ್ಯರಿಗೆ ತೋರಿಸಿ.